ಕವಲಿನಲ್ಲಿ ನೋಡಿದ ಅಂಕಿ

"ಮೇಷ್ಟ್ರೇ, ಆಸ್ಪತ್ರೆಯ ವೆಬ್‌ಸೈಟ್ ನಾಳೆ ಬಿಡುಗಡೆ. ಟೆಂಪ್ಲೇಟಿನಲ್ಲಿ ಶಾರ್ಟ್‌ಕೋಡ್ ಹಾಕಿದರೆ ಔಷಧ ಎಷ್ಟಿದೆ ಎನ್ನುವ ಅಂಕಿ ಬರುತ್ತಿಲ್ಲ, ಚೌಕ ಕಂಸದ ಪದವೇ ಹಾಗೇ ಕಾಣುತ್ತಿದೆ. ಸದ್ಯಕ್ಕೆ ಅಂಕಿಯನ್ನು ಕೈಯಾರೆ ಬರೆದುಬಿಟ್ಟರೆ ಏನು ತಪ್ಪು?" ಎಂದು ಮಧುಕೇಶ ಕೇಳಿದ.

ವೆಬ್‌ಸೈಟ್ ಕಟ್ಟುವುದನ್ನು ಅವನಿಗೆ ಕಲಿಸುತ್ತಿದ್ದ ಹಾಲಪ್ಪ ಮೇಷ್ಟ್ರ ಮುಖ ಕೆಂಪಾಯಿತು. "ಏನು ತಪ್ಪು ಅಂತ ಬೇರೆ ಕೇಳುತ್ತೀಯಾ? ಕೂತುಕೋ, ಹೇಳುತ್ತೇನೆ.

"ಒಬ್ಬ ಕೆಲಸಗಾರ ಒಂದು ಆಸ್ಪತ್ರೆಗೆ ವೆಬ್‌ಸೈಟ್ ಮಾಡಿದ. ಹಾವಿನ ವಿಷಕ್ಕೆ ಕೊಡುವ ಔಷಧ ಎಷ್ಟು ಸೀಸೆ ಉಳಿದಿದೆ ಎಂದು ಔಷಧ ಕೊಡುವವನು ದಿನವೂ ಡೇಟಾಬೇಸಿಗೆ ಹಾಕುತ್ತಿದ್ದ. ಶಾರ್ಟ್‌ಕೋಡ್ ಎಂಬ ಆ ಚೌಕ ಕಂಸದ ಪದ ಇರುವ ಜಾಗಕ್ಕೆ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಂ ಆ ಹೊತ್ತಿನ ಅಂಕಿಯನ್ನು ತಂದು ಕೂರಿಸಬೇಕು. ಆದರೆ ಪುಟದ ಅಚ್ಚಾದ ಟೆಂಪ್ಲೇಟಿನೊಳಗೆ ಶಾರ್ಟ್‌ಕೋಡ್ ತಾನಾಗಿ ಓಡುವುದಿಲ್ಲ, ಓಡಿಸಲು ಕೋಡಿನ ಇನ್ನೊಂದು ಸಾಲು ಬೇಕು. ಆ ಪುಣ್ಯಾತ್ಮ ಅದನ್ನು ಬರೆದಿರಲಿಲ್ಲ. ಉದ್ಘಾಟನೆಯ ದಿನ ಪರದೆಯ ಮೇಲೆ ಬರೀ ಚೌಕ ಕಂಸ! ಹಾರ ಹಾಕಿಸಿಕೊಂಡವರು ಎದುರಿಗೆ ಕಾಯುತ್ತಿದ್ದರು. ಅವನು ಶಾರ್ಟ್‌ಕೋಡ್ ಅಳಿಸಿ, ಅವತ್ತಿನ ಅಂಕಿ ನೋಡಿ, ಮೂವತ್ತು ಎಂದು ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡ. ಎಲ್ಲಿಯ ಆಮೇಲೆ? ಮರೆತೇಬಿಟ್ಟ.

"ಮಳೆಗಾಲ ಕಳೆಯಿತು. ಕಡಲೆಕಾಯಿ ಕೀಳುತ್ತಿದ್ದ ಒಬ್ಬ ರೈತನಿಗೆ ಹಾವು ಕಚ್ಚಿತು. ಹೆಂಡತಿ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟಳು. ಮುಂದೆ ದಾರಿ ಕವಲಾಗಿತ್ತು. ಎಡಕ್ಕೆ ಹೋದರೆ ಈ ಆಸ್ಪತ್ರೆ, ಬಲಕ್ಕೆ ಹೋದರೆ ಇನ್ನೊಂದು. ಎರಡೂ ಅಷ್ಟಷ್ಟೇ ದೂರ. ಅವಳು ಫೋನಿನಲ್ಲಿ ನೋಡಿದಳು. ಮೂವತ್ತು ಎಂದಿತ್ತು. ಎಡಕ್ಕೆ ತಿರುಗಿಸಪ್ಪಾ ಎಂದಳು.

"ಆಸ್ಪತ್ರೆ ತಲುಪಿ ಔಷಧ ಕೇಳಿದರೆ, ಔಷಧ ಕೊಡುವವನು ತಲೆ ಚಚ್ಚಿಕೊಂಡ. 'ಮುಗಿದಿದೆ ಅಂತ ನಿನ್ನೆಯೇ ಕಂಪ್ಯೂಟರಿಗೆ ಹಾಕಿದೆನಲ್ಲಮ್ಮಾ!'

"ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು. 'ಹಾಗಾದರೆ ಇದೇನಣ್ಣಾ ಇದು?'

"ಡೇಟಾಬೇಸಿನಲ್ಲಿ ಸೊನ್ನೆ, ಪುಟದಲ್ಲಿ ಮೂವತ್ತು. ಆಟೋ ವಾಪಸು ತಿರುಗಿತು. ಇನ್ನೊಂದು ಆಸ್ಪತ್ರೆಯಲ್ಲಿ ಔಷಧವಿತ್ತು. ಆದರೆ ಕವಲು ದಾಟುವಷ್ಟರಲ್ಲಿ ರೈತನ ಉಸಿರು ನಿಂತುಹೋಗಿತ್ತು.

"ಆ ಕೆಲಸಗಾರ ಆಮೇಲೆ ಏನಂದ ಗೊತ್ತೇನು? 'ನಾನು ಬರೆದ ದಿನ ಮೂವತ್ತೇ ಇತ್ತು, ಸುಳ್ಳು ಬರೆದಿಲ್ಲ' ಅಂದ. ನಾಚಿಕೆಗೆಟ್ಟವನು! ಔಷಧದವನು ದಿನವೂ ನಿಜ ಹೇಳುತ್ತಿದ್ದ. ಇವನು ಅವನ ಬಾಯಿ ಮುಚ್ಚಿಸಿ, ತಾನು ಒಂದು ದಿನ ಹೇಳಿದ್ದನ್ನೇ ಎಲ್ಲ ದಿನವೂ ಹೇಳಿಸಿದ. ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ."

ಮಧುಕೇಶ ತಲೆ ತಗ್ಗಿಸಿ, "ನಾಳೆ ಒಂದು ದಿನದ ಮಟ್ಟಿಗೆ ಅಷ್ಟೇ, ಮೇಷ್ಟ್ರೇ" ಎಂದ.

"ಆಯಿತು, ಬರೆ, ಅಂಕಿಯ ಪಕ್ಕದಲ್ಲೇ ನಿನ್ನ ಫೋನ್ ನಂಬರನ್ನೂ ಬರೆ, ಕವಲಿನಲ್ಲಿ ನಿಂತವಳು ಯಾವ ಕಡೆಗೆ ತಿರುಗಲಿ ಅಂತ ನಿನ್ನನ್ನೇ ಕೇಳಲಿ."