ಕೇಳದೆ ಕೆಚ್ಚಿದ ನೂಲು

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ಒಂದು ವರ್ಷದಿಂದ ಮನಸ್ಸಿನ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುತ್ತಿದ್ದೇನೆ. ಈಗ ಹುಷಾರಾಗಿದ್ದೇನೆ. ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಗಿಡಮೂಲಿಕೆಯ ಗುಳಿಗೆ ಒಂದಿದೆ. ಮಾತ್ರೆ ಬಿಟ್ಟು ಅದಕ್ಕೆ ಬದಲಾಯಿಸಿಕೊಂಡರೆ ತಪ್ಪೇನು? ಗೆಳೆಯರೆಲ್ಲ ಒಳ್ಳೆಯದೇ ಅನ್ನುತ್ತಾರೆ. ನಿಮ್ಮದೂ ಒಂದು ಮಾತು ಸಿಕ್ಕರೆ ನಾಳೆಯಿಂದಲೇ ಶುರುಮಾಡುತ್ತೇನೆ.”

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ನೂಲು ಕೆಚ್ಚುವವಳು. ಕೆಚ್ಚುವುದೆಂದರೇನು ಎಂದು ಮಗ್ಗ ಕಾಣದವರಿಗೆ ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸುನೂಲು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಗೇಣುದ್ದ ಉಳಿಸಿಕೊಂಡು, ಅದರ ಒಂದೊಂದು ಎಳೆಯ ತುದಿಗೂ ಹೊಸ ನೂಲಿನ ಒಂದೊಂದು ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಸೇರಿಸುತ್ತಾರೆ. ಮೂರು ಸಾವಿರ ಎಳೆಯಿದ್ದರೆ ಮೂರು ಸಾವಿರ ಸಲ ಹೊಸೆಯಬೇಕು. ಆಮೇಲೆ ಹಳೆಯ ನೂಲೇ ಹೊಸದನ್ನು ಹಣಿಗೆಯ ಹಲ್ಲುಗಳ ಸಂದಿಯಿಂದ ಎಳೆದು ತಂದು ಮಗ್ಗಕ್ಕೆ ಒಪ್ಪಿಸಿ, ತಾನು ಹೊರಟುಹೋಗುತ್ತದೆ. ಆ ಹೆಂಗಸು ಈ ಕೆಲಸದಲ್ಲಿ ಪಳಗಿದವಳು. ಅವಳು ಕೆಚ್ಚಿದ ಕಡೆ ಬೆರಳಾಡಿಸಿದರೂ ಗಂಟು ಸಿಗುತ್ತಿರಲಿಲ್ಲ.

ಅವಳಿಗೊಂದು ರೂಢಿಯಿತ್ತು. ನೂಲಿಗೆ ಕೈ ಹಚ್ಚುವ ಮೊದಲು, ಹಳೆಯದು ಯಾವ ನೂಲು, ಹೊಸದು ಯಾವ ನೂಲು ಎಂದು ಕೇಳಿಯೇ ಕೇಳುತ್ತಿದ್ದಳು. ಕೆಲವು ನೂಲು ಒಂದನ್ನೊಂದು ಹಿಡಿಯುವುದಿಲ್ಲ. ಕೆಲವು ಒಂದನ್ನೊಂದು ಕೊಯ್ದುಬಿಡುತ್ತವೆ. ಗಂಡನೇ ನೂಲು ತಂದು ಮುಂದಿಟ್ಟರೂ ಕೇಳುತ್ತಿದ್ದಳು. ಕಣ್ಣಿಗೆ ಕಾಣುವುದನ್ನು ಕೇಳುತ್ತಾಳಲ್ಲ ಎಂದು ಅವನು ನಗುತ್ತಿದ್ದ.

ಒಂದು ವರ್ಷ ಅವಳಿಗೆ ಮನಸ್ಸಿನ ಕಾಯಿಲೆ ಬಂತು. ಇಂಥದ್ದೇ ಎನ್ನುವ ಕಾರಣ ಇರಲಿಲ್ಲ. ಕಾರಣ ಹುಡುಕುವ ಜನ ಮಾತ್ರ ಓಣಿ ತುಂಬ ಇದ್ದರು. ನೂಲಿನ ಮುಂದೆ ಕುಳಿತರೆ ಕೈ ಏಳುತ್ತಿರಲಿಲ್ಲ. ತಟ್ಟೆಯ ಮುಂದೆ ಕುಳಿತರೂ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಗಂಡನಿಗೆ, ತಾನಿಲ್ಲದಿದ್ದರೆ ಈ ಮನೆ ಹಗುರಾಗುತ್ತದೆ ಎಂದಳು.  ಅವತ್ತೇ ಅವನು ಅವಳನ್ನು ಬಸ್ಸು ಹತ್ತಿಸಿ ಜಿಲ್ಲೆಯ ಊರಿಗೆ, ಮನೋವೈದ್ಯೆಯೊಬ್ಬರ ಹತ್ತಿರ ಕರೆದುಕೊಂಡು ಹೋದ.

ಆ ವೈದ್ಯೆ ಮಾತ್ರೆ ಬರೆದುಕೊಟ್ಟು ಹೇಳಿದರು: “ದಿನಾ ಮುಂಜಾನೆ ಒಂದು. ಆರಾಮಾತು ಅಂತ ನೀವ ನೀವ ಬಿಡಬ್ಯಾಡ್ರಿ. ಬಿಡೂ ದಿನ ಬಂದಾಗ ನಾನ ಸ್ವಲ್ಪ ಸ್ವಲ್ಪ ಇಳಿಸಿ ಬಿಡಸ್ತೀನಿ. ಏನರ ಕೇಳೂದಿದ್ರ ಬಂದು ಕೇಳ್ರಿ.”

ನೇಕಾರ ತಲೆಯಾಡಿಸಿದ. ವೈದ್ಯರ ಮುಂದೆ ಎಲ್ಲರೂ ತಲೆಯಾಡಿಸುತ್ತಾರೆ.

ಎರಡು ತಿಂಗಳು ಕಳೆಯುವುದರಲ್ಲಿ ಅವಳು ಮೊದಲಿನಂತಾದಳು. ಒಂದು ದಿನ ಸಾರಿಗೆ ಉಪ್ಪು ಕಡಿಮೆ ಹಾಕಿದ್ದೀರಿ ಎಂದು ಗಂಡನ ಮೇಲೆ ಜಗಳ ತೆಗೆದಳು. ಅವನಿಗೆ ಆ ಜಗಳವೇ ಹಬ್ಬವಾಯಿತು. ಮತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡಳು. ಮಗ್ಗ ನಡೆಯಿತು.

ಮಾತ್ರೆಯಿಂದ ಅವಳ ಬಾಯಿ ಒಣಗುತ್ತಿತ್ತು. ಹಗಲಲ್ಲಿ ತೂಕಡಿಕೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಓಣಿಯವರು ಅದಕ್ಕೆ ಹುಚ್ಚಿನ ಮಾತ್ರೆ ಎಂದು ಹೆಸರಿಟ್ಟಿದ್ದರು. ನೇಕಾರನಿಗೆ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತಿತ್ತು. ಹೆಂಡತಿ ಹುಷಾರಾಗಿದ್ದಾಳೆ, ಇನ್ನು ಮಾತ್ರೆ ಯಾಕೆ ಎಂದುಕೊಂಡ. ಅವಳು ಹುಷಾರಾಗಿರುವುದು ಆ ಮಾತ್ರೆಯಿಂದಲೇ ಇರಬಹುದು ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಪೇಟೆಯಲ್ಲಿ ಒಬ್ಬ ಅಂಗಡಿಯವನಿದ್ದ. ಅವನು ಯಾವುದೋ ದೂರ ದೇಶದ ಹಳದಿ ಹೂವಿನ ಗುಳಿಗೆಯ ಸೀಸೆ ತೋರಿಸಿದ. ಮನಸ್ಸಿನ ಭಾರಕ್ಕೆ ಇದು ಹೇಳಿ ಮಾಡಿಸಿದ್ದು, ಇದಕ್ಕೆ ಯಾರ ಚೀಟಿಯೂ ಬೇಡ ಎಂದ. ಇದು ಔಷಧಿಯಲ್ಲ, ಊಟ ಇದ್ದ ಹಾಗೆ ಎಂದ. ಸೀಸೆಯ ಮೇಲೆಯೂ ಹಾಗೇ ಅಚ್ಚಾಗಿತ್ತು: ಇದು ಔಷಧಿಯಲ್ಲ. ಅಂಗಡಿಯವನು ಆ ಸಾಲಿನ ಕೆಳಗೆ ಬೆರಳಾಡಿಸಿ ಓದಿ ತೋರಿಸಿದ. ಅದರ ಕೆಳಗೆ ಇರುವೆಯ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಇನ್ನೂ ಏನೇನೋ ಇತ್ತು. ಅಂಗಡಿಯವನ ಬೆರಳು ಅಲ್ಲಿಯವರೆಗೆ ಹೋಗಲಿಲ್ಲ.

ನೇಕಾರ ಸೀಸೆಯನ್ನು ಮನೆಗೆ ತಂದಾಗ ಹೆಂಡತಿ ಹೊಸ ಹಾಸು ಕೆಚ್ಚುತ್ತಿದ್ದಳು. ಸೀಸೆ ನೋಡಿ ಕೈ ನಿಲ್ಲಿಸಿದಳು.

“ಜಿಲ್ಲಾ ಊರಿನ ಆ ಡಾಕ್ಟರ್ ಬಾಯಾರನ್ನ ಒಂದು ಮಾತು ಕೇಳಿ ಬರ್ರಿ,” ಎಂದಳು. “ಹಳೇದಕ್ಕ ಹೊಸಾದು ಕೂಡತೈತೋ ಇಲ್ಲೋ ಕೇಳದ ನಾ ನೂಲಿಗೇ ಕೈ ಹಚ್ಚಂಗಿಲ್ಲ.”

“ಊಟಕ್ಕ ಯಾರರ ಡಾಕ್ಟರ್‍ನ ಕೇಳ್ತಾರೇನು?” ಎಂದ ಅವನು. “ನಾಳೆಯಿಂದ ಇದನ್ನ ತಗೋ. ಓಣಿಯವರ ಬಾಯಿ ಒಮ್ಮೆ ಮುಚ್ಚಲಿ.”

ಅವನು ಪ್ರೀತಿಯಿಂದಲೇ ಹೇಳಿದ್ದ. ಅವಳೂ ಪ್ರೀತಿಗೇ ಒಪ್ಪಿಕೊಂಡಳು. ಮಾತ್ರೆಯ ಪಟ್ಟಿಯನ್ನು ಅವನು ಗೋಡೆಯ ಗೂಡಿನ ಮೇಲೆ ಎತ್ತಿಟ್ಟ.

ಒಂದೇ ದಿನದಲ್ಲಿ ಮಾತ್ರೆ ನಿಂತಿತು, ಮರುದಿನ ಗುಳಿಗೆ ಶುರುವಾಯಿತು. ಮೂರನೆಯ ದಿನ ಅವಳಿಗೆ ತಲೆ ತಿರುಗಿತು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ ಎಂದಳು. ಕಾರಣವಿಲ್ಲದೆ ಕಣ್ಣಲ್ಲಿ ನೀರು ಬರುತ್ತಿತ್ತು. ನೇಕಾರ ಓಡಿಹೋಗಿ ಅಂಗಡಿಯವನನ್ನು ಕೇಳಿದ. ಹಳೆಯ ಮಾತ್ರೆಯ ನಂಜು ಇಳಿಯುತ್ತಿದೆ, ಗುಳಿಗೆಯನ್ನು ದಿನಕ್ಕೆ ಎರಡು ಮಾಡು ಎಂದ ಅವನು. ಅಂಗಡಿಯವನಿಗೆ ಗೊತ್ತಿಲ್ಲ ಎನ್ನುವ ಮಾತು ಬರುತ್ತಿರಲಿಲ್ಲ.

ಹತ್ತನೆಯ ದಿನ ಅವಳು ನೂಲಿನ ಮುಂದೆ ಕುಳಿತಳು. ಕೈ ಏಳಲಿಲ್ಲ. ಮೂರು ಸಾವಿರ ಎಳೆಯಲ್ಲಿ ಸಾವಿರದಷ್ಟು ಕೂಡಿತ್ತು, ಉಳಿದದ್ದು ಹಾಗೇ ಜೋತುಬಿದ್ದಿತ್ತು. ಅವಳು ಗಂಡನ ಕಡೆ ತಿರುಗಿ, ತಾನಿಲ್ಲದಿದ್ದರೆ ಈ ಮನೆ ಹಗುರಾಗುತ್ತದೆ ಎಂದು ಮತ್ತೆ ಅದೇ ಮಾತು ಹೇಳಿದಳು.

ನೇಕಾರ ಗೂಡಿನ ಮೇಲಿನ ಮಾತ್ರೆ ತೆಗೆದ. ಬಿಟ್ಟುಹೋದ ದಿನಗಳದ್ದೂ ಸೇರಲಿ ಎಂದು ಒಂದಕ್ಕೆ ಎರಡು ನುಂಗಿಸಿದ. ಗುಳಿಗೆಯನ್ನೂ ಬಿಡಲಿಲ್ಲ. ಒಂದು ಹಿಡಿಯದಿದ್ದರೆ ಇನ್ನೊಂದು ಹಿಡಿಯುತ್ತದೆ ಎನ್ನುವುದು ಅವನ ಲೆಕ್ಕ. ಆಗಲಾದರೂ ಬಸ್ಸು ಹತ್ತಬಹುದಿತ್ತು. ಆದರೆ ಹೇಳದೆ ಬಿಟ್ಟದ್ದಕ್ಕೆ ಬೈಸಿಕೊಳ್ಳಬೇಕಲ್ಲ ಎಂದು ಅವನಿಗೆ ಮುಜುಗರವಾಯಿತು.

ಮೂರು ದಿನವಾಗಲಿಲ್ಲ, ಅವಳ ಮೈ ಕಾದು ಬೆವರು ಸುರಿಯತೊಡಗಿತು. ಕೈ ನಡುಗುತ್ತಿತ್ತು, ಕಾಲು ತಾನೇ ತಾನಾಗಿ ಅದುರುತ್ತಿತ್ತು. ಮಾತು ತಪ್ಪುತ್ತಿತ್ತು. ನೇಕಾರ ಅವಳನ್ನು ಹತ್ತಿರದ ಊರಿನ ಆಸ್ಪತ್ರೆಗೆ ಹೊತ್ತೊಯ್ದ. ಅಲ್ಲಿದ್ದ ಡಾಕ್ಟರು ಬೇರೆಯವರು, ಚಿಕ್ಕ ವಯಸ್ಸಿನವರು. ಅವರು ಮಾತ್ರೆಯ ಪಟ್ಟಿ ನೋಡಿ ಕೇಳಿದರು:

“ಇದನ್ನ ಬಿಟ್ಟು ಬ್ಯಾರೆ ಔಷಧಿ ಏನರ ಕೊಟ್ಟೀರೇನು?”

ನೇಕಾರ ಸುಳ್ಳು ಹೇಳುವವನಲ್ಲ. ಅವನು ಯೋಚಿಸಿದ. ಸೀಸೆ ನೆನಪಿಗೆ ಬಂತು. ಅದರ ಮೇಲಿನ ಸಾಲೂ ನೆನಪಿಗೆ ಬಂತು.

“ಇಲ್ರಿ ಸಾಹೇಬ್ರ, ಬ್ಯಾರೆ ಔಷಧಿ ಏನೂ ಇಲ್ಲ,” ಎಂದ.

ಡಾಕ್ಟರು ಜ್ವರಕ್ಕೆ ಮದ್ದು ಬರೆದರು. ಮನಸ್ಸಿನ ಮಾತ್ರೆಯನ್ನು ನಿಲ್ಲಿಸಬೇಡಿ ಎಂದು ನರ್ಸಿಗೆ ಹೇಳಿದರು. ನರ್ಸು ಮಾತ್ರೆ ಕೊಟ್ಟಳು. ಅವಳು ಅತ್ತ ಹೋದ ಮೇಲೆ ನೇಕಾರ ಹೂವಿನ ಗುಳಿಗೆಯನ್ನು ಗಂಜಿಯಲ್ಲಿ ಅರೆದು ಕುಡಿಸಿದ. ಏನೂ ಉಣ್ಣದವಳ ಹೊಟ್ಟೆಗೆ ಇಷ್ಟಾದರೂ ಹೋಗಲಿ ಎಂದುಕೊಂಡ. ಎರಡು ದಿನ ಹೀಗೇ ನಡೆಯಿತು. ಅವಳನ್ನು ಉಳಿಸಿಕೊಳ್ಳಲೆಂದೇ ಅವನು ಪ್ರತಿ ತುತ್ತನ್ನೂ ಊದಿ ಆರಿಸಿ ಬಾಯಿಗಿಟ್ಟ.

ಮೂರನೆಯ ದಿನ ಬೆಳಿಗ್ಗೆ ಅವಳು ತೀರಿಕೊಂಡಳು.

ಹಾಸಿಗೆ ಎತ್ತುವಾಗ ನರ್ಸಿಗೆ ದಿಂಬಿನ ಕೆಳಗೆ ಸೀಸೆ ಸಿಕ್ಕಿತು. ಅವಳು ಅದನ್ನು ಡಾಕ್ಟರ ಕೈಗೆ ಕೊಟ್ಟಳು. ಅವರು ಸಣ್ಣ ಅಕ್ಷರಗಳನ್ನು ಓದಿದರು. ಮನಸ್ಸಿನ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು ಎಂದು ಅಲ್ಲಿ ಬರೆದಿತ್ತು. ಡಾಕ್ಟರು ಖಾಲಿ ಮಂಚದ ಅಂಚಿನಲ್ಲಿ ಕುಳಿತುಬಿಟ್ಟರು.

“ಎರಡೂ ಕೂಡಿದ್ರ ಮೈಯಾಗ ವಿಷ ಆಗ್ತಾವ್ರಿ,” ಎಂದರು. “ನಾ ಕೇಳಿದ್ನಲ್ಲ ನಿಮಗ.”

“ಅದು ಔಷಧಿ ಅಲ್ರಿ,” ಎಂದ ನೇಕಾರ. 

ಹೆಂಡತಿಯ ತಿಥಿಕರ್ಮಗಳು ಮುಗಿದವು. ಮಗ್ಗದ ಮೇಲೆ ನೂಲು ಅರೆಬರೆಯಾಗಿ ನಿಂತಿತ್ತು. ಹೊಟ್ಟೆ ಕೇಳಬೇಕಲ್ಲ, ನೇಕಾರ ಪಕ್ಕದ ಓಣಿಯಿಂದ ನೂಲು ಕೆಚ್ಚುವ ಮುದುಕಿಯೊಬ್ಬಳನ್ನು ಕರೆತಂದ. ಮುದುಕಿ ಮಗ್ಗದ ಮುಂದೆ ಕುಳಿತು ಬೆರಳಿಗೆ ಬೂದಿ ಹಚ್ಚಿಕೊಂಡಳು. ಸತ್ತವಳು ಕೂಡಿಸಿದ ಸಾವಿರ ಎಳೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

“ಹಳೇದು ಯಾವ ನೂಲಪ್ಪ? ಹೊಸಾದು ಯಾವ್ದು?”

ನೇಕಾರನಿಗೆ ಉತ್ತರ ಗೊತ್ತಿತ್ತು. ಅವನು ಹೊಸ್ತಿಲ ಮೇಲೆ ಕುಸಿದು ಕುಳಿತು ಗೋಳೋ ಎಂದು ಅತ್ತ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಹಾಗಾದರೆ ಆ ಗುಳಿಗೆ ಕೆಟ್ಟದ್ದು ಎಂದಾಯಿತೇ?”

“ಹೂವು ಕೆಟ್ಟದ್ದು ಎಂದು ನಾನು ಹೇಳಲಿಲ್ಲ. ಮಾತ್ರೆಯನ್ನು ಎಂದಿಗೂ ಬಿಡಬಾರದು ಎಂದೂ ಹೇಳಲಿಲ್ಲ.”

“ಮತ್ತೆ ನಾನು ಏನು ಮಾಡಲಿ? ನೀವೇ ಒಂದು ಮಾತು ಹೇಳಿಬಿಡಿ.”

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: “ನೇಕಾರ ಮಾತ್ರೆ ಬರೆದವರನ್ನು ಬಿಟ್ಟು ಅಂಗಡಿಯವನನ್ನು ಕೇಳಿದ, ನೀನು ನನ್ನನ್ನು ಕೇಳುತ್ತಿದ್ದೀಯ, ಅಷ್ಟೇ ವ್ಯತ್ಯಾಸ.”