ಕವಳೆ ಮೆಳೆಯ ಬಾಣಂತಿ

ಒಂದು ಕಾಡಿನಲ್ಲಿ, ಗುಡ್ಡದ ನೆತ್ತಿಯ ಮೇಲೆ, ಕವಳೆ ಗಿಡದ ದಟ್ಟ ಮೆಳೆಯೊಂದಿತ್ತು. ಮೈಯೆಲ್ಲ ಮುಳ್ಳು. ಹತ್ತಿರ ಹೋದವರ ಮೈ ಗೀರುವುದೊಂದೇ ಅದರ ಕೆಲಸವೆಂದು ಕಾಡಿನವರೆಲ್ಲ ಬೈಯುತ್ತಿದ್ದರು.

ಬೇಸಿಗೆಯಲ್ಲಿ ಬಯಲಿನ ಹುಲ್ಲಿಗೆ ಬೆಂಕಿ ಬಿತ್ತು. ಅಲ್ಲಿ ನೆಲದ ಮೇಲೆ ಗೂಡು ಮಾಡಿಕೊಂಡಿದ್ದ ಒಂದು ಗೌಜಲಕ್ಕಿ ಗುಡ್ಡಕ್ಕೆ ಓಡಿಬಂತು. ಹೊಸ ಜಾಗ, ಗುರುತಿನವರಿಲ್ಲ. "ನೀನು ಯಾರ ಪೈಕಿ?" ಎಂದು ಮರಮರದ ಹಕ್ಕಿಯೂ ಕೇಳಿತು. ಕವಳೆ ಮೆಳೆ ಮಾತ್ರ ಏನೂ ಕೇಳಲಿಲ್ಲ. ಗೌಜಲಕ್ಕಿ ಅದರ ಬುಡದಲ್ಲೇ ಮೊಟ್ಟೆಯಿಟ್ಟು ಕಾವಿಗೆ ಕೂತಿತು.

ನರಿಗೆ ಮೊಟ್ಟೆಯ ವಾಸನೆ ಬಡಿಯಿತು. ಆದರೆ ಮುಳ್ಳಿನೊಳಗೆ ಮೂತಿ ಹಾಕುವ ಧೈರ್ಯ ಬರಲಿಲ್ಲ. ಅದು ನೇರ ಮುಳ್ಳುಹಂದಿಯ ಬಿಲಕ್ಕೆ ಹೋಯಿತು.

"ಮಾವ, ಕವಳೆಯ ಬೇರು ಗೆಣಸಿಗಿಂತ ಸಿಹಿಯಂತೆ. ಯಾರಿಗೂ ಬೇಡದ ಹಾಳು ಗಿಡ ಅದು. ಅಗೆದು ಕೆಡವು, ಪುಣ್ಯ ಬರುತ್ತದೆ."

ಮುಳ್ಳುಹಂದಿ ಬಂದು ಬುಡ ಕೆರೆಯತೊಡಗಿತು. ಗೌಜಲಕ್ಕಿ ರೆಕ್ಕೆ ಹರಡಿ ಮೊಟ್ಟೆಗಳನ್ನು ಮುಚ್ಚಿಕೊಂಡಿತು. ಎದ್ದು ಓಡದೆ ಕೂತಲ್ಲಿಂದಲೇ ಕೇಳಿತು:

"ಯಾಕಣ್ಣ ಅಗೆಯುತ್ತೀ?"

"ಮುಳ್ಳಿನ ಗಿಡ ಯಾರಿಗೆ ಬೇಕಮ್ಮ?"

"ನಿನ್ನ ಬೆನ್ನ ಮೇಲಿರುವುದು ಮಲ್ಲಿಗೆಯೇನಣ್ಣ?"

ಮುಳ್ಳುಹಂದಿಯ ಕಾಲು ನಿಂತಿತು. ಗೌಜಲಕ್ಕಿ ಮುಂದುವರಿಸಿತು:

"ಚಿರತೆ ಬಂದಾಗ ನಿನ್ನನ್ನು ಕಾಯುವುದು ಆ ಮುಳ್ಳೇ ಅಲ್ಲವೆ? ನನ್ನ ಬೆನ್ನಲ್ಲಿ ಅದು ಬೆಳೆಯಲಿಲ್ಲ. ಈ ಕವಳೆ ತಾಯಿ ತನ್ನದನ್ನೇ ನನಗೆ ಹೊದಿಸಿದ್ದಾಳೆ."

ಮುಳ್ಳುಹಂದಿ ಬೇರಿನ ತುದಿ ಕಚ್ಚಿ ನೋಡಿತು. ಬಾಯೆಲ್ಲ ಕಹಿಯಾಯಿತು. "ಗೆಣಸಂತೆ ಗೆಣಸು" ಎಂದು ಉಗುಳಿತು. ಕೆದರಿದ ಮಣ್ಣನ್ನೆಲ್ಲ ಬುಡಕ್ಕೆ ತಳ್ಳಿ, ತುಳಿದು ಗಟ್ಟಿ ಮಾಡಿ ಹೊರಟಿತು.

ಬಂಡೆಯ ಮರೆಯಲ್ಲಿದ್ದ ನರಿಗೆ ಅದು ಹೋಗುವುದಷ್ಟೇ ಕಂಡಿತು. ಕೆಲಸ ಮುಗಿಯಿತು, ಇನ್ನು ನೂಕಿದರೆ ಗಿಡ ಬೀಳುತ್ತದೆ ಎಂದುಕೊಂಡು, ಇದ್ದ ಬಲವನ್ನೆಲ್ಲ ಹಾಕಿ ಮೆಳೆಯ ಮೇಲೆ ಹಾರಿತು. ಮೆಳೆ ಅಲುಗಲಿಲ್ಲ. ಕಿವಿಗೊಂದು, ಕೆನ್ನೆಗೊಂದು, ಬಾಲಕ್ಕೆ ಲೆಕ್ಕವಿಲ್ಲದಷ್ಟು ಮುಳ್ಳು ನಾಟಿದವು.

ಮುಳ್ಳುಹಂದಿ ತಿರುಗಿ ನೋಡಿತು. "ಏನು ಅಳಿಯಂದಿರೇ, ಪುಣ್ಯ ಬಂತೇ?"

ನರಿ ಬಾಲದ ಕೂದಲನ್ನು ಕೊಂಬೆಗೇ ಬಿಟ್ಟು ಓಡಿತು. ಗೌಜಲಕ್ಕಿ ಅದನ್ನು ಆಯ್ದು ಮೊಟ್ಟೆಗಳ ಕೆಳಗೆ ಹಾಸಿತು.

ಮೊದಲ ಮಳೆಗೆ ಕವಳೆ ಕಪ್ಪಗೆ ಹಣ್ಣಾಯಿತು. ಬೈದವರೂ ಬಂದು ತಿಂದರು. ಮೊಟ್ಟೆಯೊಡೆದು ಬಂದಿದ್ದ ಮರಿಗಳು ಬಾಯಿ ಚಪ್ಪರಿಸುವಾಗ ತಾಯಿ ಗೌಜಲಕ್ಕಿ ಹೇಳಿತು: "ತಿಂದಮೇಲೆ ಬೀಜವನ್ನು ಆ ಬೋಳು ಇಳಿಜಾರಿನಲ್ಲಿ ಉದುರಿಸಿ ಬನ್ನಿ. ನನ್ನ ಹಾಗೆ ಇನ್ನೊಬ್ಬಳು ಎಲ್ಲಿಂದಲೋ ಓಡಿಬಂದಾಳು."

ನೀತಿ: ಕಷ್ಟಕ್ಕೆ ಆಸರೆಯಾದವರ ಮುಳ್ಳನ್ನು ಎಣಿಸಬಾರದು, ಪಡೆದ ಉಪಕಾರವನ್ನು ಮುಂದೆ ಬರುವವರಿಗೂ ದಾಟಿಸಬೇಕು.