ಹಂಡ್ಯಾ ಯಾಕೆ ಮಲಗಲಿಲ್ಲ

ನೇಕಾರ ಸಂಗಪ್ಪನ ಮನೆಯಲ್ಲಿ ಒಂದು ನಾಯಿ ಇತ್ತು. ಮೈಮೇಲೆ ಕಪ್ಪು ಬಿಳುಪು ಮಚ್ಚೆ ಇದ್ದುದರಿಂದ ಅದರ ಹೆಸರು ಹಂಡ್ಯಾ. ಅದು ಮೊದಲು ಕುರಿಗಾಹಿ ಮಾಳಪ್ಪನ ನಾಯಿ. ಕಾಲು ಮುರಿದು ಹಿಂಡಿನ ಜೊತೆ ನಡೆಯಲಾರದೆ ಹೋದಾಗ ಮಾಳಪ್ಪ ಅದನ್ನು ಸಂಗಪ್ಪನ ಮನೆಯಲ್ಲಿ ಬಿಟ್ಟು ಮುಂದೆ ಹೋಗಿದ್ದ.

ಅದಕ್ಕೆ ಅರಿಶಿನ ಹಚ್ಚಿ, ರೊಟ್ಟಿ ಮುರಿದು ಹಾಕಿ ಎಬ್ಬಿಸಿದವಳು ಸಂಗಪ್ಪನ ಅಕ್ಕ ಗುರುಬಸವ್ವ. ಗಂಡ ತೀರಿದ ಮೇಲೆ ಅವಳು ತಮ್ಮನ ಮನೆಯಲ್ಲೇ ಇದ್ದಳು. ಬೆಳಗಿನಿಂದ ಸಂಜೆಯವರೆಗೆ ರಾಟೆ ತಿರುಗಿಸಿ, ತಮ್ಮನ ಮಗ್ಗದ ಲಾಳಿಗೆ ಬೇಕಾದ ನೂಲನ್ನು ಸಣ್ಣ ಕೊಳವೆಗೆ ಸುತ್ತಿ ಕಂಡಿಕೆ ಮಾಡಿಕೊಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಹಂಡ್ಯಾ ಮನೆಯನ್ನು ಒಂದು ಸುತ್ತು ಹಾಕಿ, ಎಲ್ಲರನ್ನೂ ಮೂಸಿ, ಹೊಸ್ತಿಲಿಗೆ ಅಡ್ಡಲಾಗಿ ಮಲಗಿಬಿಡುತ್ತಿತ್ತು.

ಒಂದು ದಿನ ಸಂಗಪ್ಪ ನೇಯ್ದ ಸೀರೆಯಲ್ಲಿ ಎಳೆ ತಪ್ಪಿದೆ ಎಂದು ವ್ಯಾಪಾರಿ ಅದನ್ನು ವಾಪಸು ಕಳಿಸಿದ. ವ್ಯಾಪಾರಿಯ ಮೇಲಿನ ಸಿಟ್ಟನ್ನು ಸಂಗಪ್ಪ ಅಕ್ಕನ ಮೇಲೆ ತೀರಿಸಿಕೊಂಡ. ಊಟಕ್ಕೆ ಕೂತಾಗ, “ಕೂತ ಉಣ್ಣೋರಿಗೆ ನೇಯೋರ ಕಷ್ಟ ಏನ ಗೊತ್ತು” ಅಂದ. ಇಡೀ ದಿನ ರಾಟೆ ತಿರುಗಿಸಿದವಳಿಗೆ ಹೇಳುವ ಮಾತೇ ಅದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಅಕ್ಕ ಒಂದು ಗಂಟು ಹಿಡಿದು ಚಿಕ್ಕಪ್ಪನ ಊರಿಗೆ ಹೊರಟುಹೋದಳು.

ಅಂದಿನಿಂದ ಹಂಡ್ಯಾಗೆ ನಿಲುಗಡೆ ಇಲ್ಲ. ಸಂಜೆಯಾದರೆ ಮನೆ ಸುತ್ತುವುದು, ಓಣಿಯ ತುದಿಗೆ ಓಡುವುದು, ತಿರುಗಿ ಬಂದು ಕುಂಯ್ ಎನ್ನುವುದು, ಮತ್ತೆ ಸುತ್ತುವುದು. ಓಣಿಯವರೆಲ್ಲ ಒಮ್ಮೆಲೇ ವೈದ್ಯರಾದರು. ಒಬ್ಬರು ಹುಚ್ಚು ಅಂದರು, ಇನ್ನೊಬ್ಬರು ದೃಷ್ಟಿ ಅಂದರು, ಮತ್ತೊಬ್ಬರು ಸೊಕ್ಕು ಅಂದರು. ಸಂಗಪ್ಪ ದೃಷ್ಟಿ ತೆಗೆಸಿದ. ದನದ ದವಾಖಾನೆಗೂ ಒಯ್ದ. ರೋಗವೇನೂ ಇಲ್ಲ ಎಂದು ಕಳಿಸಿದರು. ಕೊನೆಗೆ ಸರಪಳಿ ಹಾಕಿ ಕಟ್ಟಿದ. ಹಂಡ್ಯಾ ಕಟ್ಟಿದಲ್ಲೇ ನೆಲ ಕೆದರಿ ಕುಣಿ ಮಾಡಿತು.

ಸಂಗಪ್ಪನಿಗಾದರೂ ನೆಮ್ಮದಿ ಎಲ್ಲಿತ್ತು? ಕಂಡಿಕೆ ಸುತ್ತುವ ಕೆಲಸ ಈಗ ಹೆಂಡತಿ ನೀಲವ್ವನಿಗೆ ಬಿದ್ದಿತ್ತು. ಅವಳು ಅಡುಗೆಮನೆಯ ಪಕ್ಕ ಕೂತು ತನ್ನ ರಾಟೆಯಲ್ಲಿ ಸುತ್ತುತ್ತಿದ್ದಳು. ಅಕ್ಕನ ರಾಟೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಮಗ್ಗದಲ್ಲಿ ಕೂತ ಸಂಗಪ್ಪ ನೂಲು ಮುಗಿದಾಗ, “ಅಕ್ಕಾ, ಕಂಡಿಕಿ” ಎಂದು ಕೈ ಚಾಚುತ್ತಿದ್ದ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಅಕ್ಕ ಬೇಕು ಎಂದು ಬಾಯಿ ಬಿಟ್ಟು ಹೇಳಲು ಮಾತ್ರ ಅವನಿಗೆ ಆಗಲಿಲ್ಲ.

ಮೂರು ತಿಂಗಳ ಮೇಲೆ ಮಾಳಪ್ಪನ ಹಿಂಡು ಆ ದಾರಿಯಲ್ಲಿ ಬಂತು. ಸಂಗಪ್ಪ ನಾಯಿಯ ಪಾಡು ಹೇಳಿ, ಈ ನಾಯಿ ನನ್ನಿಂದಾಗದು, ತಿರುಗಿ ಒಯ್ಯಿ ಎಂದ. ಮಾಳಪ್ಪ ಸರಪಳಿ ಬಿಚ್ಚಿದ. ಕಟ್ಟೆಯ ಮೇಲೆ ಕೂತು, ಹಂಡ್ಯಾ ಸುತ್ತುವುದನ್ನು ಸುಮ್ಮನೆ ನೋಡಿದ.

“ಸಂಗಪ್ಪಣ್ಣ, ಇದಕ್ಕೇನೂ ಆಗಿಲ್ಲ. ಹಟ್ಟಿಗೆ ಒಂದ ಕುರಿ ಬರದಿದ್ರೂ ನಮ್ಮ ನಾಯಿ ಮೈ ನೆಲಕ್ಕ ಹಚ್ಚಂಗಿಲ್ಲ. ನಿಮ್ಮ ಮನಿಗೆ ಯಾರ ಬರೋದ ಉಳಿದೈತಿ?”

ನೀಲವ್ವ ಮೂಲೆಯಲ್ಲಿ ಧೂಳು ಹಿಡಿದಿದ್ದ ಅಕ್ಕನ ರಾಟೆಯ ಕಡೆ ನೋಡಿದಳು. ಸಂಗಪ್ಪನೂ ನೋಡಿದ.

ಮರುದಿನ ಮೊದಲ ಬಸ್ಸಿಗೇ ಅವನು ಚಿಕ್ಕಪ್ಪನ ಊರಿಗೆ ಹೋದ. ಗುರುಬಸವ್ವ ಅಲ್ಲಿ ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತುತ್ತ ಕೂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಸಂಗಪ್ಪನಿಗೆ ಮರೆತುಹೋಯಿತು.

“ಅಕ್ಕಾ, ಹಂಡ್ಯಾ ಮಲಗವಲ್ದು” ಅಂದ.

ಅವಳು ರಾಟೆ ನಿಲ್ಲಿಸಲಿಲ್ಲ. “ಹಂಡ್ಯಾ ಒಂದೇ ಏನ?”

“ನಾನೂ” ಅಂದ ಸಂಗಪ್ಪ. “ತಪ್ಪಾತು ಅಕ್ಕಾ. ನೀ ಇಲ್ಲದ ಮನಿ ಮನಿ ಅನಸವಲ್ದು.”

ಆಗ ರಾಟೆ ನಿಂತಿತು.

ಸಂಜೆ ಇಬ್ಬರೂ ಓಣಿಗೆ ಕಾಲಿಡುವಾಗ ಹಂಡ್ಯಾ ತುದಿಯಲ್ಲೇ ನಿಂತಿತ್ತು. ಅಕ್ಕನ ಕೈ, ಕಾಲು, ಗಂಟು ಎಲ್ಲ ಮೂಸಿತು. ಅವಳನ್ನು ಒಳಗೆ ಬಿಟ್ಟು, ಮನೆಯನ್ನು ಒಂದೇ ಒಂದು ಸುತ್ತು ಹಾಕಿ, ಹೊಸ್ತಿಲಿಗೆ ಅಡ್ಡಲಾಗಿ ಬಿದ್ದುಕೊಂಡಿತು. ಹಿಂದೆ ಬಂದ ಸಂಗಪ್ಪ ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕಾಯಿತು.

ನೀತಿ: ಚಡಪಡಿಸುವ ಮೂಕಪ್ರಾಣಿಗೆ ಸರಪಳಿ ಹುಡುಕುವ ಮೊದಲು, ಅದು ಏನನ್ನು ಹುಡುಕುತ್ತಿದೆ ಎಂದು ನೋಡಬೇಕು. ನಾವು ಬಾಯಿ ಬಿಟ್ಟು ಹೇಳಲಾರದ ಹಂಬಲವನ್ನೇ ಅದು ಕಾಲಿನಿಂದ ಹೇಳುತ್ತಿರಬಹುದು.